ನಡುಗಿದ್ದು ಬ್ರೇಕೋ, ನಾವೋ?

ಹದಿನೆಂಟು ವರ್ಷ ಪುಣೆಯ ಬೀದಿಗಳಲ್ಲಿ ಸ್ಕೂಟರು ಓಡಿಸಿ, ನಲವತ್ತು ದಾಟಿದ ಮೇಲೆ ನಾವೂ ಒಂದು ಕಾರಿನ ಒಡೆಯರಾದೆವು. ಕೇಂದ್ರ ಸರ್ಕಾರದ ಗುಮಾಸ್ತರ ಅಂತಸ್ತಿಗೆ ತಕ್ಕಂತೆ ಅದು ಸೆಕೆಂಡ್ ಹ್ಯಾಂಡು. 2023ರ ಮಳೆಗಾಲದಲ್ಲಿ ಅವ್ವನ ಕಣ್ಣಿನ ಪೊರೆ ತೆಗೆಸಿ, ಆಕೆಯನ್ನು ಬೆಳಗಾವಿಗೆ ಬಿಟ್ಟು ಬರಲು ಅದರಲ್ಲೇ ಹೊರಟೆವು.

ಸಾತಾರಾ ಸಮೀಪ ಜಿಟಿಜಿಟಿ ಮಳೆ. ಮುಂದಿನ ಲಾರಿ ಗಕ್ಕನೆ ನಿಂತಿತು. ಬ್ರೇಕನ್ನು ಬಲವಾಗಿ ತುಳಿದೆವು. ಕಾಲಡಿಯಲ್ಲಿ ಪೆಡಲು ಗಡಗಡ ನಡುಗಿತು. ಕರಕರ ಸದ್ದೂ ಬಂತು. ಬ್ರೇಕು ಮುರಿಯಿತೆಂದು ಹೆದರಿ ಕಾಲೆತ್ತಿಬಿಟ್ಟೆವು! ಹಿಂದಿನಿಂದ ಮನೆಯವರು ಚೀರಿದರು. ಮತ್ತೆ ತುಳಿದಾಗ ಕಾರು ಲಾರಿಯಿಂದ ಮೊಳದಷ್ಟು ಹಿಂದೆ ನಿಂತಿತು. “ಹೊಸಾ ಕಣ್ಣು ಬಂದದ್ದು ಇದನ್ನ ನೋಡಾಕೇನಪಾ?” ಎಂದಳು ಅವ್ವ.

ಬೆಳಗಾವಿಯ ಮೆಕ್ಯಾನಿಕ್ ಕಾರನ್ನು ಒಂದು ಸುತ್ತು ಓಡಿಸಿ ನಕ್ಕ. “ಬ್ರೇಕ್ ಕೆಟ್ಟಿಲ್ರಿ ಸಾಹೇಬ್ರ. ಅದು ತನ್ನ ಕೆಲಸಾ ಮಾಡಾಕತ್ತಿತ್ತು. ನೀವ ಕಾಲ ತಗದ್ರಿ.”

ಬಿ.ಎಸ್‌ಸಿ. ಓದಿದ ನಮಗೆ ನಾಚಿಕೆಯಾಯಿತು. ಉರುಳುವ ಚಕ್ರಕ್ಕಿರುವ ಹಿಡಿತ ಜಾರುವ ಚಕ್ರಕ್ಕಿಲ್ಲ ಎಂಬ ಘರ್ಷಣೆಯ ಪಾಠವನ್ನು ಉರುಹೊಡೆದೇ ಪಾಸಾದವರು ನಾವು. ಚಕ್ರ ತಿರುಗದೆ ಬಿಗಿದುಕೊಂಡರೆ ಕಾರು ಜಾರುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಕೇಳುವುದಿಲ್ಲ. ಇದನ್ನು ತಪ್ಪಿಸುವುದೇ ಎಬಿಎಸ್. ಪ್ರತಿ ಚಕ್ರದ ಬಳಿಯೂ ವೇಗ ಅಳೆಯುವ ಸೆನ್ಸರ್ ಇರುತ್ತದೆ. ಚಕ್ರ ಬಿಗಿಯುವ ಸೂಚನೆ ಸಿಕ್ಕೊಡನೆ ಪುಟ್ಟ ಕಂಪ್ಯೂಟರೊಂದು ಬ್ರೇಕ್ ಎಣ್ಣೆಯ ಒತ್ತಡವನ್ನು ಸಡಿಲಿಸಿ, ಮತ್ತೆ ಏರಿಸುತ್ತದೆ. ಇದು ಸೆಕೆಂಡಿನೊಳಗೆ ಹಲವು ಬಾರಿ. ಆ ನಡುಕವೇ ನಮ್ಮ ಕಾಲಿಗೆ ತಟ್ಟಿದ್ದು. 1978ರಲ್ಲಿ ಜರ್ಮನಿಯ ದುಬಾರಿ ಕಾರುಗಳಿಗೆ ಬಂದ ಈ ಸೌಲಭ್ಯ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದದ್ದು 2019ರಲ್ಲಿ.

ಈಗ ಬ್ರೇಕು ಇನ್ನೂ ಮುಂದೆ ಹೋಗಿದೆ. ಕೆಲವು ಕಾರುಗಳಲ್ಲಿ ಕ್ಯಾಮೆರಾ, ರೇಡಾರ್‌ಗಳು ದಾರಿ ಕಾಯುತ್ತವೆ; ನಾವು ಮೈಮರೆತರೆ ತಾವೇ ಬ್ರೇಕು ಹಾಕುತ್ತವೆ. ವಿದ್ಯುತ್ ಕಾರಿನಲ್ಲಿ ವೇಗ ತಗ್ಗಿಸುವಾಗ ಮೋಟಾರೇ ಡೈನಮೋ ಆಗಿ, ವ್ಯರ್ಥವಾಗಬೇಕಾದ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಮುಂದೊಂದು ದಿನ ಪೆಡಲೇ ಬೇಡವಾದೀತು.

ಆದರೆ ಭೌತಶಾಸ್ತ್ರಕ್ಕೆ ಬಡ್ತಿಯಿಲ್ಲ, ವರ್ಗಾವಣೆಯೂ ಇಲ್ಲ. ವೇಗ ಎರಡರಷ್ಟಾದರೆ ಬ್ರೇಕು ಹಿಡಿದು ನಿಲ್ಲಲು ನಾಲ್ಕರಷ್ಟು ದೂರ ಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡು ಕಾಲೆತ್ತಿದರೆ ಸುಮಾರು 17 ಮೀಟರು ಹೋದಂತೆಯೇ. ಯಂತ್ರ ಎಷ್ಟೇ ಜಾಣನಾಗಲಿ, ಅದರ ಭಾಷೆ ನಮಗೆ ತಿಳಿಯದಿದ್ದರೆ ಆಪತ್ಕಾಲದಲ್ಲಿ ನಾವೇ ಅದರ ಕೈ ಕಟ್ಟಿಹಾಕುತ್ತೇವೆ.

ರಜೆಗೆ ಊರಿಗೆ ಹೊರಡುವ ಬಂಧುಗಳೇ, ಮುಂದಿನ ಗಾಡಿಯಿಂದ ದೂರವಿರಿ. ಪೆಡಲು ನಡುಗಿದರೆ ನಡುಗಲಿ, ಒತ್ತಿಯೇ ಹಿಡಿಯಿರಿ. ನಾವು ಹೊರಟಾಗಲೆಲ್ಲ ಅವ್ವ ಫೋನಿನಲ್ಲಿ ಕೇಳುವುದೂ ಅದನ್ನೇ: “ಈ ಸಲ ಕಾಲ ಎತ್ತೂದಿಲ್ಲ, ಹೌದಿಲ್ಲೋ?”