ಚಕ್ಕಡಿ ಕುಣಿದರೂ ಕುಣಿಯದ ಗುಡ್ಡ

ಭಾರತ ಹುಣ್ಣಿಮೆಗೆ ರಾಮದುರ್ಗದ ಕಡೆಯಿಂದ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋಗುವ ರೂಢಿ. ಚಿಕ್ಕಂದಿನಲ್ಲಿ ನಾನೂ ಆಯಿಯ ಮಗ್ಗುಲು ಕೂತು ಹೋದವನೇ. ಗಾಲಿ ಕಲ್ಲಿಗೆ ಬಡಿದಾಗಲೆಲ್ಲ ಹಲ್ಲು ಕಟಕಟ ಅನ್ನುತ್ತಿದ್ದವು. ದೂರದ ಗುಡ್ಡ ಮಾತ್ರ ಕದಲುತ್ತಿರಲಿಲ್ಲ. “ಯಲ್ಲವ್ವ ಕುಂತ ಗುಡ್ಡ ಎಲ್ಲಿ ಅಳ್ಳಾಡತೈತೋ ತಮ್ಮಾ” ಅನ್ನುತ್ತಿದ್ದಳು ಆಯಿ.

ನಮ್ಮ ಪಾಲಿಗೆ ಗುಡ್ಡವನ್ನು ಹಾಗೆ ನಿಲ್ಲಿಸಿಕೊಡುವುದು ಒಳಗಿವಿ ಎಂದು ನನಗೆ ತಿಳಿಯುವ ಹೊತ್ತಿಗೆ ಆಯಿ ಇರಲಿಲ್ಲ. ಒಂದೊಂದು ಕಿವಿಯೊಳಗೂ ನೀರಿನಂಥ ದ್ರವ ತುಂಬಿದ ಮೂರು ಬಾಗುಗೊಳವೆಗಳಿವೆ. ತಲೆ ಹೊರಳಿತೋ, ಸುದ್ದಿ ಅಲ್ಲಿಂದ ಮಿದುಳಿಗೆ, ಮಿದುಳಿನಿಂದ ಕಣ್ಣಿನ ಸ್ನಾಯುಗಳಿಗೆ. ತಲೆ ಎಡಕ್ಕೆ ಹೋದಷ್ಟೇ ಕಣ್ಣು ಬಲಕ್ಕೆ. ಸೆಕೆಂಡನ್ನು ನೂರು ಪಾಲು ಮಾಡಿದರೆ ಒಂದು ಪಾಲಿನಷ್ಟು ಹೊತ್ತು ಸಾಕು, ಕಣ್ಣು ಹೊರಟಿರುತ್ತದೆ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ತಲೆ ಆಡಿಸಿ ನೋಡಿ, ಉಗುರಿನ ಗೆರೆ ಕಾಣುತ್ತದೆ. ತಲೆ ನಿಲ್ಲಿಸಿ ಬೆರಳನ್ನು ಅಷ್ಟೇ ಜೋರಾಗಿ ಆಡಿಸಿ, ಬರೀ ಮಸುಕು.

ಕಿತ್ತೂರಿನಲ್ಲಿ 1824ರ ಅಕ್ಟೋಬರ್ 23ರ ಕಾಳಗದಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯನ್ನು ಗುಂಡಿಟ್ಟು ಉರುಳಿಸಿದ, ರಾಣಿ ಚೆನ್ನಮ್ಮನ ಬಂಟ ಅಮಟೂರ ಬಾಳಪ್ಪನ ಗುರಿಯನ್ನು ಈ ಕಡೆಯವರಾದ ನಾವು ಹಾಡಿ ಹೊಗಳುತ್ತೇವೆ. ಆ ಗದ್ದಲದಲ್ಲಿ ಅವನ ನೋಟವನ್ನು ನೆಟ್ಟು ಹಿಡಿದದ್ದೂ ಈ ಕೊಳವೆಗಳೇ ಅಲ್ಲವೇ!

ಇವು ಕೆಟ್ಟರೆ? ಸ್ಟ್ರೆಪ್ಟೊಮೈಸಿನ್ ಔಷಧದಿಂದ ಇವನ್ನು ಕಳೆದುಕೊಂಡ ಅಮೆರಿಕದ ವೈದ್ಯರೊಬ್ಬರು 1952ರಲ್ಲಿ ತಮ್ಮ ಪಾಡನ್ನು ಬರೆದರು. ಹಾಸಿಗೆಯಲ್ಲಿ ಒರಗಿ ಓದುವಾಗ ನಾಡಿ ಮಿಡಿದಾಗಲೆಲ್ಲ ಅಕ್ಷರಗಳು ಜಿಗಿಯುತ್ತಿದ್ದವಂತೆ. ಮಂಚದ ಸರಳುಗಳ ನಡುವೆ ತಲೆ ಒತ್ತಿಕೊಂಡೇ ಓದಬೇಕಾಯಿತಂತೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನನ್ನ ತಮ್ಮನ ಮಗಳದು ಬೇರೆ ಬಗೆ. ಹಸುಗೂಸಾಗಿದ್ದಾಗಿನಿಂದ ಅವಳ ಕಣ್ಣುಗುಡ್ಡೆಗಳು ಅತ್ತಿತ್ತ ತೂಗುತ್ತವೆ. ವೈದ್ಯರು ನಿಸ್ಟಾಗ್ಮಸ್ ಅನ್ನುತ್ತಾರೆ. ಓದುವಾಗ ಮುಖವನ್ನು ಬಲಕ್ಕೆ ತಿರುಗಿಸಿ ಎಡಗಡೆಯ ನೋಟದಲ್ಲಿ ನೋಡುತ್ತಾಳೆ. “ಮುಖ ನೆಟ್ಟಗ ಹಿಡಿ” ಎಂದು ಶಾಲೆಯಲ್ಲಿ ಬೈಗುಳ. ಆ ಓರೆಯಲ್ಲೇ ಅವಳ ಕಣ್ಣು ಎಲ್ಲಕ್ಕಿಂತ ಕಡಿಮೆ ತೂಗುತ್ತದೆ, ಅಕ್ಷರ ಅಲ್ಲಿಯೇ ತಿಳಿಯಾಗಿ ಕಾಣುತ್ತದೆ. ಮುಖ ನೆಟ್ಟಗೆ ಮಾಡಿಸುವುದೆಂದರೆ ಇದ್ದ ಬೆಳಕನ್ನೂ ಕಸಿದುಕೊಂಡಂತೆ. ಎಳವೆಯಿಂದಲೇ ಹೀಗಿರುವವರಿಗೆ ಸಾಮಾನ್ಯವಾಗಿ ಲೋಕ ಅಲುಗಾಡಿದಂತೆ ಕಾಣುವುದಿಲ್ಲ, ಮಿದುಳು ಅದಕ್ಕೆ ಒಗ್ಗಿಕೊಂಡಿರುತ್ತದೆ. ಸವದತ್ತಿ ಬಸ್ಸಿನಲ್ಲಿ ಒಮ್ಮೆ ಕೇಳಿಯೇಬಿಟ್ಟೆ, “ಗುಡ್ಡ ಅಳ್ಳಾಡತೈತೇನವ್ವಾ?”

“ಇಲ್ಲ ದೊಡ್ಡಪ್ಪಾ, ನಿಮಗ ಅಳ್ಳಾಡತೈತೇನು?”

ಮರುದಿನ ಅವಳ ಟೀಚರನ್ನು ಕಂಡು ಬಂದೆ. ಈಗ ಅವಳು ಮುಂದಿನ ಸಾಲಿನ ಬಲತುದಿಯಲ್ಲಿ ಕೂರುತ್ತಾಳೆ. ಬೋರ್ಡು ಅವಳ ಎಡಕ್ಕೆ ಬರುತ್ತದೆ.