ಕೋಟೆ ಹೋಯಿತು, ತೊಟ್ಟಿ ಮನೆ ಉಳಿದೀತೇ?

ಕೋಟೆ ಎಂದ ಕೂಡಲೇ ನಮಗೆಲ್ಲ ಚಿತ್ರದುರ್ಗ ನೆನಪಾಗುತ್ತದೆ, ಜೊತೆಗೆ ಒನಕೆ ಓಬವ್ವ. ಅರಮನೆ ಎಂದರೆ ಮೈಸೂರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದರೆ? ಸಂತೆ, ಮದುವೆ ಛತ್ರ, ತೆಂಗಿನಕಾಯಿ, ಆಲೂಗಡ್ಡೆ, ಬಸ್ಸು ಬದಲಿಸುವ ಜಾಗ. ಇಷ್ಟೇ ಅಲ್ಲವೇ ನಮ್ಮ ನೆನಪಿಗೆ ಬರುವುದು? ಇವೂ ಒಂದು ಕಾಲಕ್ಕೆ ಪಾಳೇಗಾರರು ಗತ್ತಿನಿಂದ ಆಳಿದ ಊರುಗಳು ಎಂಬುದು ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಹೊಳೆಯುವುದೇ ಇಲ್ಲ.

ಅರಕಲಗೂಡನ್ನೇ ನೋಡಿ. ಅರ್ಕ ಎಂದರೆ ಸೂರ್ಯ. ಹಿಂದೆ ಅರ್ಕಪುರಿ ಎನ್ನುತ್ತಿದ್ದರಂತೆ. ಗೌತಮ ಋಷಿ ತಪಸ್ಸು ಮಾಡಿ ಅರ್ಕೇಶ್ವರನನ್ನು ಸ್ಥಾಪಿಸಿದ ಎಂದು ಸ್ಥಳಪುರಾಣ. ಐಗೂರು ಸೀಮೆಯ ಕೃಷ್ಣಪ್ಪ ನಾಯಕ 1568ರಲ್ಲಿ ಊರಿಗೆ ಈಗಿನ ಹೆಸರು ಕೊಟ್ಟ. ವಿಜಯನಗರ ಬಿದ್ದದ್ದು 1565ರಲ್ಲಿ. ದೊಡ್ಡ ಮನೆ ಕುಸಿದ ಮೂರೇ ವರ್ಷಕ್ಕೆ ದಾಯಾದಿಗಳು ತಂತಮ್ಮ ಒಲೆ ಹೂಡಿದ ಹಾಗೆ! ಆಮೇಲೆ 1647ರಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಮುತ್ತಿಗೆ ಹಾಕಿ ಗೆದ್ದರು. 1694ರಲ್ಲಿ ಚಿಕ್ಕದೇವರಾಜ ಒಡೆಯರು ಪೂರ್ತಿಯಾಗಿ ವಶಮಾಡಿಕೊಂಡರು.

ಚನ್ನರಾಯಪಟ್ಟಣದ ಕಥೆ ನನಗೆ ಇನ್ನೂ ಹತ್ತಿರದ್ದು, ಏಕೆಂದರೆ ಅದು ನಾನು ಸೇರಿದ ಊರು. ಅದರ ಹಳೆಯ ಹೆಸರು ಕೊಳತೂರು. ಸುಮಾರು 1600ರಲ್ಲಿ ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕ ಅದನ್ನು ಗೆದ್ದು, ದೇವರ ವರದಿಂದ ಹುಟ್ಟಿದ ಮಗ ಚನ್ನರಾಯನ ಹೆಸರಿಟ್ಟ. ಕೋಟೆ ಕಟ್ಟಿಸಿದವನು ದೊಡ್ಡಬಸವಯ್ಯ. ನೀರು ತುಂಬುವ ಕಂದಕ ತೋಡಿಸಿದವನು ಹೈದರಾಲಿ. ಅಪ್ಪನ ಹೆಸರಿದೆ, ಮಗನ ಹೆಸರಿದೆ, ಕಂದಕ ತೋಡಿಸಿದವನ ಹೆಸರೂ ಇದೆ. ಆ ಮಗುವನ್ನು ಹೆತ್ತವಳ ಹೆಸರು ಮಾತ್ರ ಕಥೆ ಹೇಳುವ ಯಾರ ಬಾಯಲ್ಲೂ ಬರುವುದಿಲ್ಲ. ಹರಕೆ ಹೊತ್ತು ಉಪವಾಸ ಮಾಡಿದವಳು ಅವಳೇ ತಾನೇ?

ಸಕಲೇಶಪುರದ ಹತ್ತಿರ ಮಂಜರಾಬಾದ್ ಕೋಟೆಯನ್ನು ನೀವು ನೋಡಿರಬಹುದು. ಎಂಟು ಮೂಲೆಯ ನಕ್ಷತ್ರದ ಹಾಗಿದೆ. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು, ಫ್ರೆಂಚರ ಮಾದರಿ. ಅದೇ ಮಲೆನಾಡಿನ ಬಲಂ ಸೀಮೆಯ ವೆಂಕಟಾದ್ರಿ ನಾಯಕ, ಟಿಪ್ಪು ಮಡಿದ ಮೇಲೂ ಇಂಗ್ಲಿಷರಿಗೆ ತಲೆಬಾಗಲಿಲ್ಲ. 1802ರಲ್ಲಿ ಅವನನ್ನು ಹಿಡಿದು ಗಲ್ಲಿಗೇರಿಸಿದರು. ಆ ದಂಡಿಗೆ ಮುಖ್ಯಸ್ಥನಾಗಿ ಬಂದಿದ್ದವನು ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೂ ಅವನೇ. ಮಕ್ಕಳ ಪಾಠದಲ್ಲಿ ವಾಟರ್ಲೂ ಬರುತ್ತದೆ, ಬಲಂ ಬರುವುದಿಲ್ಲ.

ಪಾಳೇಗಾರರು ಹೋದರು. ಕಾಯುವವರಿಲ್ಲದ ಕೋಟೆಯ ಕಲ್ಲು ಹೆಚ್ಚಿನ ಕಡೆ ಮನೆಗಳ ತಳಪಾಯ ಸೇರಿತು, ಕಂದಕಕ್ಕೆ ಮಣ್ಣು ಬಿತ್ತು. ಮದುವೆ ಲಗ್ನಪತ್ರಿಕೆಯ ವಿಳಾಸದಲ್ಲಿ 'ಕೋಟೆ', 'ಪೇಟೆ' ಎಂಬ ಮಾತು ಮಾತ್ರ ಉಳಿದಿದೆ.

ಇಷ್ಟೆಲ್ಲ ಪೀಠಿಕೆ ಯಾಕೆ ಹಾಕಿದೆ ಅಂದರೆ, ಕೋಟೆ ಹೋದ ಹಾಗೆಯೇ ಈಗ ಇನ್ನೊಂದು ಹೋಗುತ್ತಿದೆ. ನಮ್ಮ ತೊಟ್ಟಿ ಮನೆಗಳು. ನನ್ನ ತವರುಮನೆಯೂ ಅಂಥದ್ದೇ, ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕೆರೆ ಏರಿಯ ಕೆಳಗೆ. ಅದನ್ನು ಇಳಿಸುವುದೋ ಉಳಿಸುವುದೋ ಎಂಬ ಮಾತು ನಡೆದಿದೆ, ಮತ್ತು ಅದಕ್ಕೆ ನನ್ನ ಸಹಿಯೂ ಬೇಕಾಗಿದೆ.

ತೊಟ್ಟಿ ಮನೆ ಕಂಡಿಲ್ಲದ ಕಿರಿಯ ಗೆಳತಿಯರಿಗಾಗಿ ಸ್ವಲ್ಪ ಹೇಳುತ್ತೇನೆ. ಮನೆಯ ನಡುವೆ ಸೂರಿಲ್ಲ. ಅಲ್ಲಿ ತಗ್ಗಾದ ಚೌಕದ ಅಂಗಳ, ಅದೇ ತೊಟ್ಟಿ. ಸುತ್ತಲೂ ಜಗಲಿ, ಜಗಲಿಯಂಚಿಗೆ ಹಲಸಿನ ಮರದ ಕಂಬಗಳು. ನಮ್ಮಲ್ಲಿ ಹನ್ನೆರಡು. ನಾಲ್ಕು ಕಡೆಯ ನಾಡಹೆಂಚಿನ ಇಳಿಜಾರು ಒಳಕ್ಕೆ ಬಾಗಿರುತ್ತದೆ. ಮಳೆ ಬಂದರೆ ನಾಲ್ಕು ಮೂಲೆಯಿಂದಲೂ ನೀರು ಧೋ ಎಂದು ಸುರಿಯುತ್ತದೆ. ಮೂಲೆಗೊಂದು ತಾಮ್ರದ ಹಂಡೆ ಇಟ್ಟರೆ ಅರ್ಧ ಗಂಟೆಯಲ್ಲಿ ತುಂಬುತ್ತಿತ್ತು. ಮಿಕ್ಕ ನೀರು ಕಲ್ಲಿನ ಮೋರಿಯಲ್ಲಿ ಹಾದು ಹಿತ್ತಿಲ ಬಾಳೆಗಿಡಕ್ಕೆ. ಬೇಸಿಗೆಯಲ್ಲಿ ಬಿಸಿಗಾಳಿ ತೊಟ್ಟಿಯಿಂದ ಮೇಲಕ್ಕೆ ಹೋಗುತ್ತದೆ, ಹೆಬ್ಬಾಗಿಲಿನಿಂದ ತಂಪುಗಾಳಿ ಒಳಗೆ ಬರುತ್ತದೆ. ಮೇ ತಿಂಗಳಲ್ಲೂ ನಡುಮನೆಯಲ್ಲಿ ಫ್ಯಾನು ಬೇಕೆನಿಸುತ್ತಿರಲಿಲ್ಲ. ಈಗಿನ ತಾರಸಿ ಮನೆಯಲ್ಲಿ ರಾತ್ರಿ ಹನ್ನೊಂದಾದರೂ ಗೋಡೆ ಕಾದೇ ಇರುತ್ತದೆ, ನಿಮಗೂ ಗೊತ್ತು.

ಪಡಸಾಲೆಯ ಮುಂದೆ ನೆಲದಲ್ಲಿ ಹಗೇವು ಇತ್ತು. ಮೇಲೆ ಒಬ್ಬರು ಇಳಿಯುವಷ್ಟು ಬಾಯಿ, ಕೆಳಗೆ ಗುಡಾಣದ ಹಾಗೆ ಅಗಲ. ಒಳಗೆ ರಾಗಿ ಸುರಿದು, ಹುಲ್ಲು ಒತ್ತಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಗಾಳಿಯಾಡದಿದ್ದರೆ ಹುಳ ಬದುಕುವುದು ಹೇಗೆ? ಅದೇ ಕಾರಣಕ್ಕೆ, ತೆಗೆದ ಕೂಡಲೇ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಒಂದು ದಿನ ಬಾಯಿ ತೆರೆದಿಟ್ಟು, ಆಮೇಲೆ ದೀಪ ಹಚ್ಚಿ ಹಗ್ಗದಲ್ಲಿ ಇಳಿಬಿಡುವುದು. ದೀಪ ಆರಿತೋ, ಆ ದಿನ ಇಳಿಯುವ ಹಾಗಿಲ್ಲ.

ಇಷ್ಟು ಹೇಳಿದರೆ ಎಲ್ಲವೂ ಚಂದವೇ ಎನಿಸುತ್ತದೆ. ಆದರೆ ನಮ್ಮವ್ವನನ್ನು ಕೇಳಬೇಕಿತ್ತು ನೀವು. "ಕಂಬ ತಬ್ಕೊಂಡು ಆಟ ಆಡ್ದೋರು ನೀವು. ಸಾರ್ಸಿ ಸಾರ್ಸಿ ಸೊಂಟ ಮುರ್ಕೊಂಡೋಳು ನಾನು. ನಾಳೆ ಕೆಡವ್ತೀನಿ ಅಂದ್ರೂ ನಂಗೇನ್ ಬ್ಯಾಸ್ರ ಇಲ್ಲ ಕಣವ್ವ" ಅನ್ನುತ್ತಿದ್ದಳು. ಗಾಳಿ ಬೆಳಕೆಲ್ಲ ತೊಟ್ಟಿಗೆ. ಅಡಿಗೆಮನೆಗೆ ಒಂದು ಗವಾಕ್ಷಿ ಮಾತ್ರ. ಮೂರು ಹೊತ್ತೂ ಹೊಗೆ. ಆ ಹೊಗೆಯಿಂದಲೇ ಜಂತೆಗೆ ಗೆದ್ದಲು ಹಿಡಿಯಲಿಲ್ಲ ಎಂದು ಗಂಡಸರು ಮೆಚ್ಚಿಕೊಳ್ಳುತ್ತಿದ್ದರು. ಅವ್ವನ ಕೆಮ್ಮು ಜಂತೆಗೆ ಕೇಳಿಸುತ್ತಿರಲಿಲ್ಲ, ಬಿಡಿ. ಪಡಸಾಲೆಯ ಜಗಲಿಯಲ್ಲಿ ಕೂರುವ ಹಕ್ಕು ಗಂಡಸರದು, ಮೂಲೆಯ ಮಗ್ಗುಲಲ್ಲಿ ತಿಂಗಳಿಗೆ ಮೂರು ದಿನ ಕೂರುವ ಶಿಕ್ಷೆ ಹೆಂಗಸರದು. ಹಾಸನಾಂಬೆಯ ಗುಡಿಯಲ್ಲಿ ಅತ್ತೆಯ ಹೊಡೆತಕ್ಕೆ ಹೆದರಿ ದೇವಿಯ ಮೊರೆಹೊಕ್ಕು ಕಲ್ಲಾದ ಸೊಸೆ ಇದ್ದಾಳಲ್ಲ, ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತಾಳೆ ಎನ್ನುತ್ತಾರೆ. ನಮ್ಮ ತೊಟ್ಟಿ ಮನೆಗಳ ಸೊಸೆಯರೂ ಹಾಗೇ ಸರಿದವರು, ಕಾಳು ಕಾಳಾಗಿ.

ಮನೆ ಹಾಳಾದದ್ದು ಗೆದ್ದಲಿನಿಂದಲ್ಲ, ಅಕ್ಕಿಯಿಂದ. ಅಪ್ಪನ ಕಾಲದಲ್ಲಿ ಗೇಣಿ ಭತ್ತ ಗಾಡಿಗಟ್ಟಲೆ ಬರುತ್ತಿತ್ತು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದು ಗೇಣಿ ಪದ್ಧತಿಯನ್ನೇ ತೆಗೆಯಿತು. ಉಳುವವರೇ ಒಡೆಯರಾದರು. ನಾನಾಗ ಹನ್ನೆರಡರ ಹುಡುಗಿ. ಅಪ್ಪ ಒಂದು ವಾರ ಯಾರ ಜೊತೆಗೂ ಮಾತಾಡಲಿಲ್ಲ. ನ್ಯಾಯವಾಗಿ ನೋಡಿದರೆ ಆದದ್ದು ಸರಿಯೇ. ಬೆವರು ಸುರಿಸಿದವರಿಗೆ ನೆಲ ಸಿಕ್ಕಿತು, ಅವರ ಮಕ್ಕಳು ಸ್ಕೂಲಿಗೆ ಹೋದರು. ಆದರೆ ಅಷ್ಟು ದೊಡ್ಡ ಸೂರು ನಿಂತಿದ್ದುದೇ ಆ ಭತ್ತದ ಮೇಲೆ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸಬೇಕು, ಒಡೆದದ್ದು ಬದಲಿಸಬೇಕು, ಕೋತಿ ಹಾದು ಹೋದರೆ ಮತ್ತೆ ಕೈಯಾಡಿಸಬೇಕು. ಆಳು ಕಾಳು ಇಲ್ಲದೆ ಅದೆಲ್ಲ ನಡೆಯುವುದೆಲ್ಲಿ?

ಇದು ನಮ್ಮಲ್ಲಿ ಮಾತ್ರ ಆದದ್ದೇನೂ ಅಲ್ಲ. ನನ್ನ ತಂಗಿಯ ಮಗಳು ಜರ್ಮನಿಯಲ್ಲಿದ್ದಾಳೆ. ಹೋದ ವರ್ಷ ರಜಕ್ಕೆ ಮೆಕ್ಲೆನ್‌ಬರ್ಗ್ ಎಂಬ ಕಡೆ ಹೋಗಿ ಫೋಟೋ ಕಳಿಸಿದ್ದಳು. ಅದು ಕೆರೆಗಳ ಸೀಮೆಯಂತೆ. ಮ್ಯೂರಿಟ್ಸ್ ಎಂಬ ಸರೋವರ ಒಂದೇ 117 ಚದರ ಕಿಲೋಮೀಟರು. ಊರೂರಿಗೂ ಜಮೀನ್ದಾರರ ಬಂಗಲೆಗಳು, ಚಿಕ್ಕ ಚಿಕ್ಕ ಅರಮನೆಗಳು. 1945ರಲ್ಲಿ ಯುದ್ಧ ಮುಗಿದ ಮೇಲೆ, ರಷ್ಯನ್ನರ ಆಡಳಿತದ ಆ ಭಾಗದಲ್ಲಿ 100 ಹೆಕ್ಟೇರಿಗೆ, ಅಂದರೆ ನಮ್ಮ ಸುಮಾರು 250 ಎಕರೆಗೆ, ಮೇಲ್ಪಟ್ಟ ಹಿಡುವಳಿಗಳನ್ನೆಲ್ಲ ಪರಿಹಾರವಿಲ್ಲದೆ ಕಿತ್ತುಕೊಂಡರು. ಬಂಗಲೆಗಳಲ್ಲಿ ನಿರಾಶ್ರಿತರು ಬಂದು ತುಂಬಿದರು. ಆಮೇಲೆ ಕೆಲವು ಸ್ಕೂಲಾದವು, ಶಿಶುವಿಹಾರವಾದವು, ಅಂಗಡಿಯಾದವು. 1990ರಲ್ಲಿ ಎರಡು ಜರ್ಮನಿಗಳು ಒಂದಾದ ಮೇಲೆ ಕೆಲವನ್ನು ಕೊಂಡವರು ಹೋಟೆಲು ಮಾಡಿದರು. ಇನ್ನೆಷ್ಟೋ ಬಂಗಲೆಗಳು ಸೂರು ಕುಸಿದು ಹಾಗೇ ನಿಂತಿವೆ. "ದೊಡ್ಡಮ್ಮ, ಒಂದ್ ಮನೆ ಕಿಟಕಿಯೊಳಗಿಂದ ಮರ ಬೆಳ್ದಿತ್ತು, ನಮ್ಮೂರ ಮನೆ ಜ್ಞಾಪಕ ಬಂತು" ಎಂದು ಬರೆದಿದ್ದಳು ಹುಡುಗಿ.

ನಮ್ಮಲ್ಲಿ ಕೆರೆಯ ಪಕ್ಕದ ಮನೆ ಮಾತ್ರವಲ್ಲ, ನೀರಿನೊಳಗಿನ ಮನೆಗಳೂ ಇವೆ. ಗೊರೂರಿನಲ್ಲಿ ಹೇಮಾವತಿಗೆ 1979ರಲ್ಲಿ ಅಣೆಕಟ್ಟು ಮುಗಿಯಿತು. ಹಿನ್ನೀರು 85 ಚದರ ಕಿಲೋಮೀಟರು ಹರಡಿತು. ಹಳ್ಳಿಗಳೇ ಮುಳುಗಿದವು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಆ ಹೊಳೆ ದಂಡೆಯ ಬದುಕನ್ನು ಬರೆದಿಟ್ಟರು, ಪುಣ್ಯಕ್ಕೆ. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮತ್ತೆ ತಲೆ ಎತ್ತುತ್ತದೆ. ಬೆಂಗಳೂರಿನವರು ಕಾರು ಕಟ್ಟಿಕೊಂಡು ಬಂದು ಫೋಟೋ ಹೊಡೆಸಿಕೊಳ್ಳುತ್ತಾರೆ. ಮುಳುಗಿದ ಮಣ್ಣಿನ ಗೋಡೆಯ ಮನೆಗಳು ಕರಗಿಯೇ ಹೋದವು, ಅವುಗಳ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳಲು ಏನೂ ಉಳಿದಿಲ್ಲ.

ಈಗ ನಮ್ಮನೆ ವಿಷಯಕ್ಕೆ ಬರುತ್ತೇನೆ. ಹಳೆಯ ಮರಮುಟ್ಟು ಕೊಳ್ಳುವ ಒಬ್ಬ ವ್ಯಾಪಾರಿ ಎರಡು ಸಲ ಬಂದು ಹೋದ. ಕಂಬ, ಬೋದಿಗೆ, ಹೆಬ್ಬಾಗಿಲು, ಹಳೆಯ ಕಣಜದ ಹಲಗೆ ಎಲ್ಲಕ್ಕೂ ಬೆಲೆ ಕಟ್ಟಿದ. ರೆಸಾರ್ಟು ಕಟ್ಟುವವರಿಗೆ ಅವು ಬೇಕಂತೆ. ನಮಗೆ ಬೇಡವಾದ ತೊಟ್ಟಿಯನ್ನು ಅಲ್ಲಿ ಹೊಸದಾಗಿ ಕಟ್ಟಿ, ಒಂದು ರಾತ್ರಿಗೆ ಸಾವಿರಾರು ರೂಪಾಯಿ ಬಾಡಿಗೆ ತೆಗೆದುಕೊಳ್ಳುತ್ತಾರೆ! ಬಂದ ದುಡ್ಡಿನಲ್ಲಿ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟುವುದು ಅಣ್ಣನ ಲೆಕ್ಕ. ಹಕ್ಕು ಬಿಡುಗಡೆ ಪತ್ರ ಬರೆಸಿ ನನಗೂ ತಂಗಿಗೂ ಒಂದೊಂದು ಪ್ರತಿ ಕಳಿಸಿದ.

ಇಲ್ಲಿ ಸ್ವಲ್ಪ ಕಾಯಿದೆ ಮಾತು, ಬೇಸರಪಡಬೇಡಿ, ನಿಮಗೂ ಬೇಕಾದೀತು. ಮೊದಲು, ಗಂಡುಮಕ್ಕಳು ತಾವಾಗಿ ಪಾಲಾಗುವವರೆಗೆ ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಭಾಗ ಕೇಳುವಂತಿರಲಿಲ್ಲ. 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ ಎಂದಿತು. ನನ್ನ ಮದುವೆ 1982ರಲ್ಲಿ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ, ಮದುವೆಯಾಗಿರಲಿ ಬಿಡಲಿ, ಮಗಳೂ ಮಗನಷ್ಟೇ ಹಕ್ಕುದಾರಳು ಎಂದಿತು. ವಾಸದ ಮನೆಯ ಆ ಅಡ್ಡಿಯನ್ನೂ ತೆಗೆದುಹಾಕಿತು. ನಮ್ಮಪ್ಪ ತೀರಿಕೊಂಡದ್ದು 1999ರಲ್ಲಿ. ಆ ದಿನಕ್ಕೆ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ರಿಜಿಸ್ಟರ್ ಆದ ಪಾಲುಪತ್ರವಿದ್ದರೆ ಅದನ್ನು ಕೆದಕುವ ಹಾಗಿಲ್ಲ. ನಮ್ಮಲ್ಲಿ ಪಾಲೇ ಆಗಿಲ್ಲ. ಹಾಗಾಗಿ ನಮ್ಮಿಬ್ಬರ ಸಹಿ ಇಲ್ಲದೆ ಕಂಬ ಅಲುಗುವಂತಿಲ್ಲ.

ಇದರಲ್ಲಿ ಅತ್ತಿಗೆಯ ಮಾತನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. "ನೀವು ಗೌರಿ ಹಬ್ಬಕ್ಕೆ ಬಂದು ಬಾಗಿನ ತಗೊಂಡ್ ಹೋಗ್ತೀರಿ. ಮಂಡಿ ನೋವು ಇಟ್ಕೊಂಡು ರಾತ್ರಿ ಹಿತ್ತಲ ಬಚ್ಚಲಿಗೆ ಹೋಗೋಳು ನಾನು" ಎಂದು ಫೋನಿನಲ್ಲಿ ನೇರವಾಗಿ ಹೇಳಿದಳು. ನಮ್ಮವ್ವ ಹೇಳಿದ್ದೂ ಅದೇ, ಮೂವತ್ತು ವರ್ಷ ಮುಂಚೆ. ಮನೆಯನ್ನು ನೋಡಿ ಆನಂದಪಡುವವರು ಒಬ್ಬರು, ಅದರೊಳಗೆ ದಿನ ತಳ್ಳುವವರು ಇನ್ನೊಬ್ಬರು.

ನಾನೂ ತಂಗಿಯೂ ಮಾತಾಡಿಕೊಂಡು ಅಣ್ಣನಿಗೆ ತಿಳಿಸಿದ್ದು ಇಷ್ಟು. ಹಿಂದಿನ ಅಡಿಗೆಮನೆ, ಬಚ್ಚಲಮನೆ ಕೆಡವಲಿ. ಅಲ್ಲಿ ದೊಡ್ಡ ಕಿಟಕಿಯ ಅಡಿಗೆಮನೆಯೂ, ಮಲಗುವ ಕೋಣೆಗೆ ಸೇರಿದಂತೆ ಬಚ್ಚಲೂ ಆಗಲಿ, ಅತ್ತಿಗೆ ಹೇಳಿದ ಹಾಗೆಯೇ ಆಗಲಿ. ಅದರ ಖರ್ಚಿನಲ್ಲಿ ನಮ್ಮಿಬ್ಬರದೂ ಭಾಗವಿದೆ. ಹೆಬ್ಬಾಗಿಲು, ಪಡಸಾಲೆ, ಹನ್ನೆರಡು ಕಂಬದ ತೊಟ್ಟಿ ಮಾತ್ರ ಹಾಗೇ ನಿಲ್ಲಲಿ. ಹಾಗೆಂದು ಕಾಗದದಲ್ಲಿ ಬರೆದರೆ ಆ ಕ್ಷಣವೇ ಸಹಿ.

ಅಣ್ಣ ಇನ್ನೂ ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ಅತ್ತಿಗೆ ಮಾತ್ರ, "ಮೊದ್ಲು ಬಚ್ಚಲು ಆಗ್ಲಿ, ಕಂಬದ ಮಾತು ಆಮೇಲೆ" ಅಂದಿದ್ದಾಳೆ. ಬಚ್ಚಲಿಗೆ ಗಾರೆಯವರು ಗೊತ್ತಾಗಿದ್ದಾರೆ. ಮುಂಗಾರು ಹತ್ತಿರ ಬಂತು, ತೊಟ್ಟಿಯ ಈಶಾನ್ಯ ಮೂಲೆ ಸೋರುತ್ತಿದೆ. ಹೆಂಚು ಕೈಯಾಡಿಸುತ್ತಿದ್ದ ಹಳಬರು ಈಗ ಹತ್ತಲಾರರು, ಅವರ ಮಕ್ಕಳು ಹಾಸನದಲ್ಲಿ ಆಟೋ ಓಡಿಸುತ್ತಾರೆ. ನಾಡಹೆಂಚಿನ ಕೆಲಸ ಬಲ್ಲವರು ನಿಮ್ಮೂರ ಕಡೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಬಸ್ ಛಾರ್ಜು, ಊಟ, ಕೂಲಿ ಎಲ್ಲ ನಮ್ಮದೇ.