ಉಂಡು ಬರಲೇ, ಸ್ವಾಮಿ?

ನಮ್ಮ ಸೀಮೆಯವರಿಗೆ ದೊಡ್ಡಾಸ್ಪತ್ರೆಯೂ ಒಂದು ಪುಣ್ಯಕ್ಷೇತ್ರವೇ ಸರಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ದಾವಣಗೆರೆಯ ಮೊದಲ ಬಸ್ಸು ಹಿಡಿಯುವವರಲ್ಲಿ ಅನೇಕರು ಯಾತ್ರಿಕರಂತೆ ಮಿಂದು, ಬರಿಹೊಟ್ಟೆಯಲ್ಲಿಯೇ ಹೊರಡುತ್ತಾರೆ.

ಹೊನ್ನಾಳಿಯ ನಮ್ಮ ಸೋದರಮಾವನವರಿಗೆ ಸಕ್ಕರೆ ಕಾಯಿಲೆ. ಕಾಲಿನ ರಕ್ತನಾಳಗಳ ಡಾಪ್ಲರ್ ಪರೀಕ್ಷೆಯ ದಿನ ಅವರು ಏಕಾದಶಿಯಂತೆ ನಿರಾಹಾರ ಹಿಡಿದರು. ಇನ್ಸುಲಿನ್ ಮಾತ್ರ ತಪ್ಪದೆ ಚುಚ್ಚಿಕೊಂಡರು. ಅರ್ಧ ದಾರಿಯಲ್ಲಿ ಮೈಯೆಲ್ಲ ಬೆವರು, ಕೈನಡುಕ. ಪಕ್ಕದ ಹೆಣ್ಣುಮಗಳೊಬ್ಬಳು ಕೊಟ್ಟ ಬೆಲ್ಲ ಅವರನ್ನು ಉಳಿಸಿತು.

ಕಾಲು, ಕುತ್ತಿಗೆಗಳ ಪರೀಕ್ಷೆಗೆ ಸಾಮಾನ್ಯವಾಗಿ ಉಪವಾಸವೇ ಬೇಡ. ಹೊಟ್ಟೆಯೊಳಗಿನ ನಾಳಗಳನ್ನು ನೋಡುವುದಾದರೆ ಸುಮಾರು 6ರಿಂದ 8 ಗಂಟೆ ಬರಿಹೊಟ್ಟೆ ಬೇಕು. ಕರುಳಿನ ವಾಯು ಶಬ್ದತರಂಗಗಳಿಗೆ ಅಡ್ಡವಾಗುತ್ತದೆ. ಆಗ ಸಕ್ಕರೆ ಕಾಯಿಲೆಯವರು ತಮ್ಮ ಔಷಧದ ವಿಚಾರವನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಬೇಕು. ಬೀಡಿ ಸೇದಿ ಹೋಗಬಾರದು. ಅದು ನಾಳಗಳನ್ನು ಬಿಗಿಸುತ್ತದೆ. ಸಡಿಲವಾದ ಉಡುಪು, ಹಳೆಯ ಚೀಟಿಗಳು, ನುಂಗುವ ಗುಳಿಗೆಗಳ ಪಟ್ಟಿ—ಇಷ್ಟಿದ್ದರೆ ಸಿದ್ಧತೆ ಮುಗಿಯಿತು.

1842ರಲ್ಲಿ ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ ನಕ್ಷತ್ರಗಳ ಬಣ್ಣವನ್ನು ಕುರಿತು ಮಂಡಿಸಿದ ತತ್ತ್ವವೇ ಇಂದು ನಮ್ಮ ರೈತರ ಕಾಲಿನಲ್ಲಿ ಹರಿವ ರಕ್ತದ ವೇಗವನ್ನು ಅಳೆಯುತ್ತಿದೆ. ಅದಕ್ಕೆ ಸೂಜಿಯಿಲ್ಲ, ಕ್ಷಕಿರಣವಿಲ್ಲ. ಚರ್ಮಕ್ಕೆ ಸವರುವ ತಣ್ಣನೆಯ ಲೋಳೆ ಮಾತ್ರ.

ವೈದ್ಯರನ್ನು ಪ್ರಶ್ನಿಸುವುದು ಅವಿನಯವೆಂದು ನಮ್ಮ ಹಿರಿಯರ ಭಾವನೆ. ಚೀಟಿ ಕೈಗೆ ಬಂದಾಗಲೇ “ಉಂಡು ಬರಲೇ, ಸ್ವಾಮಿ?” ಎಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ, ಜಾಣತನವುಂಟು.